ಇಸ್ಪೀಟಿನ ಮೇಜಿನಲ್ಲಿ ಕೊಳಗ ಯಾರದು?

ಪೋಕರ್ ಎಂಬ ಇಸ್ಪೀಟಿನಾಟವನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿ, ಸಣ್ಣ ಪಣದ ಮೇಜುಗಳಲ್ಲಿ ಆಡಿ, ತಿಂಗಳ ಸಂಬಳದ ಮೇಲೆ ನಾಲ್ಕು ಕಾಸು ಸಂಪಾದಿಸಿಕೊಂಡರೆ ತಪ್ಪೇನು ಎಂದು ದುರ್ಗಿಗುಡಿಯ ಅಂಗಡಿಗಳಲ್ಲಿ ದುಡಿಯುವ ಕೆಲವು ತರುಣರು ನಮ್ಮನ್ನು ಕೇಳಿದ್ದಾರೆ. ಕೇಳಿದವರು ಪೋಲಿಗಳಲ್ಲ. ಬೆಳಿಗ್ಗೆ ಷಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ನಿಂತ ಕಾಲಿನಲ್ಲಿ ಬಟ್ಟೆ ಹರವುವವರು, ಮೊಬೈಲು ತೋರಿಸುವವರು. ಪದವಿ ಮುಗಿಸಿದವರೂ ಅವರಲ್ಲಿದ್ದಾರೆ. ಅವರ ವಾದ ಇಷ್ಟೆ: ಮೂರೆಲೆ ಬರೀ ಅದೃಷ್ಟದಾಟ, ಓಸಿ ಹಗಲುಮೋಸ, ಅವೆರಡರ ತಂಟೆಗೂ ತಾವು ಹೋಗುವವರಲ್ಲ, ಪೋಕರ್ ಬುದ್ಧಿಯ ಆಟ, ಕೋರ್ಟುಗಳೇ ಹಾಗೆಂದಿವೆ, ಬುದ್ಧಿ ಖರ್ಚು ಮಾಡಿ ಕಾಸು ಗಳಿಸುವುದನ್ನು ಸಮಾಜವಾದಿಗಳು ಏಕೆ ವಿರೋಧಿಸಬೇಕು?

ಈ ಪ್ರಶ್ನೆಯ ಮೇಲೆ ನೀತಿಬೋಧೆಯ ಕಂಬಳಿ ಹೊದಿಸಿ ಮುಚ್ಚಿಬಿಡಲು ನಾವು ಸಿದ್ಧರಿಲ್ಲ. ಜೂಜಿನ ವಿಷಯದಲ್ಲಿ ನೀತಿ ಹೇಳಿದವರಿಗೆ ನಮ್ಮ ನಾಡಿನಲ್ಲಿ ಬರಗಾಲವೇನೂ ಬಂದಿಲ್ಲ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾಗುವವರೆಗೆ ಸರಕಾರ ಒಂದು ಕೈಯಲ್ಲಿ ಲಾಟರಿ ಚೀಟಿ ಮಾರುತ್ತ ಇನ್ನೊಂದು ಕೈಯಲ್ಲಿ ಅಂದರ್-ಬಾಹರ್ ಆಡುವವನ ಕೊರಳಪಟ್ಟಿ ಹಿಡಿಯುತ್ತಿದ್ದುದನ್ನು ಜನ ಮರೆತಿಲ್ಲ. ನಮ್ಮ ಪುರಾಣಗಳಾದರೂ ಆಟ ಕಲಿಯುವುದನ್ನು ಹೀಗಳೆದಿಲ್ಲ. ಪುಷ್ಕರನಿಗೆ ರಾಜ್ಯ ಸೋತ ನಳ ಮಹಾರಾಜ ಋತುಪರ್ಣನ ಬಳಿ ಸಾರಥಿಯಾಗಿದ್ದಾಗ, ತಾರೆಮರದ ಎಲೆ ಕಾಯಿಗಳನ್ನು ನಿಂತಲ್ಲಿಂದಲೇ ಎಣಿಸಿ ಹೇಳಬಲ್ಲ ಆ ರಾಜನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಪಡೆದ. ಬದಲಿಗೆ ತನ್ನ ಅಶ್ವಹೃದಯವನ್ನು ಕೊಟ್ಟ. ಆ ಕಾಲದ ದಾಳಗಳು ತಾರೆಕಾಯಿಗಳೇ ಆಗಿದ್ದುವೆಂಬುದನ್ನು ನೆನೆದರೆ, ಋತುಪರ್ಣ ಕಲಿಸಿದ್ದು ಮಂತ್ರವಲ್ಲ, ಎಣಿಕೆ ಎಂಬುದು ಹೊಳೆಯುತ್ತದೆ. ವನವಾಸದಲ್ಲಿ ಧರ್ಮರಾಯನಿಗೆ ಈ ಕಥೆ ಹೇಳಿದ ಬೃಹದಶ್ವ ಋಷಿ ಕೊನೆಗೆ ಅವನಿಗೂ ಅದೇ ವಿದ್ಯೆಯನ್ನು ಉಪದೇಶಿಸಿದನೇ ಹೊರತು, ಇನ್ನು ಮುಂದೆ ದಾಳ ಮುಟ್ಟಬೇಡವೆಂದು ಗದರಿಸಲಿಲ್ಲ. ಆದುದರಿಂದ ಮೊದಲು ಎಣಿಕೆಯನ್ನೇ ನೋಡೋಣ.

ಈಗ ಹೆಚ್ಚು ಪ್ರಚಾರದಲ್ಲಿರುವ ಪೋಕರಿನಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಸೇರಿದಂತೆ ಐದು ಎಲೆ ತೆರೆಯುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದನ್ನು ಜೋಡಿಸಿದವನು ಗೆದ್ದ. ನಡುನಡುವೆ ನಾಲ್ಕು ಸುತ್ತು ಪಣ. ಪ್ರತಿ ಸುತ್ತಿನಲ್ಲೂ ಪಣಕ್ಕೆ ಪಣ ಕೊಡಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹೊರಗುಳಿಯಬಹುದು.

ಸಣ್ಣ ಪಣದ ಮೇಜಿನಲ್ಲಿ ಗಟ್ಟಿಯಾಗಿ ಆಡುವುದೆಂದರೆ ಮುಖ್ಯವಾಗಿ ಎಲೆ ಕೆಳಗಿಡಲು ಕಲಿಯುವುದು. ಎರಡೆಲೆಯ ಕೈಗಳು ಒಟ್ಟು 1,326 ಬಗೆ. ಅದರಲ್ಲಿ ಜೋಡಿ ಬರುವುದು 17 ಸಲಕ್ಕೆ ಒಮ್ಮೆ. ಎರಡೂ ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಬಲ್ಲವನು ಹತ್ತರಲ್ಲಿ ಏಳೆಂಟು ಕೈಗಳನ್ನು ಒಂದು ರೂಪಾಯಿ ಹಾಕದೆಯೇ ಬಿಟ್ಟುಬಿಡುತ್ತಾನೆ. ಹೊಸಬನಿಗೆ ಇದು ಸಾಧ್ಯವಾಗುವುದಿಲ್ಲ. ದಿನವೆಲ್ಲ ನಿಂತು ಬೇಸತ್ತು ಬಂದವನಿಗೆ ಆಟ ಬೇಕೇ ಹೊರತು ಕಾಯುವಿಕೆಯಲ್ಲ. ಎರಡನೆಯದು ಸರದಿ: ಕೊನೆಗೆ ಮಾತಾಡುವವನಿಗೆ ಉಳಿದವರು ಏನು ಮಾಡಿದರೆಂಬುದು ಗೊತ್ತಿರುತ್ತದೆ, ಆದ್ದರಿಂದ ಮುಂಚೆ ಮಾತಾಡಬೇಕಾದಾಗ ಕೈ ಇನ್ನೂ ಬಿಗಿಯಾಗಿರಬೇಕು. ಮೂರನೆಯದು, ಸುಳ್ಳು ಏರಿಕೆಯ ಚಪಲ ಬಿಡುವುದು. ಸಿನಿಮಾದಲ್ಲಿ ನಾಯಕ ಕೈಯಲ್ಲಿ ಏನೂ ಇಲ್ಲದೆ ಸಾವಿರಗಟ್ಟಲೆ ಏರಿಸಿ ಖಳನಾಯಕನನ್ನು ಓಡಿಸುತ್ತಾನೆ. ಇಪ್ಪತ್ತು ರೂಪಾಯಿಯ ಮೇಜಿನಲ್ಲಿ ಖಳನಾಯಕ ಓಡುವುದಿಲ್ಲ, ನೋಡೇಬಿಡೋಣವೆಂದು ಪಣ ಕೊಡುತ್ತಾನೆ. ಅಲ್ಲಿ ಸುಳ್ಳಿಗೆ ಬೆಲೆಯಿಲ್ಲ. ಒಳ್ಳೆಯ ಕೈ ಬಂದಾಗ ನಾಚದೆ ಏರಿಸಿದರೆ ಸಾಕು. ಇದಿಷ್ಟನ್ನು ನಾಲ್ಕು ವಾರದಲ್ಲಿ ಯಾರೂ ಕಲಿಯಬಲ್ಲರು. ಗಣಿತಜ್ಞ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಗಣಿತಕ್ಕೆ ತಳಹದಿ ಹಾಕಿದಾಗ, ಸುಳ್ಳು ಏರಿಕೆಗೂ ಒಂದು ಲೆಕ್ಕವುಂಟೆಂದು ಮುಂದೆ ತೋರಿಸಿದಾಗ, ಅವನ ಕಣ್ಣಮುಂದಿದ್ದುದು ಈ ಪೋಕರೇ. ವಿದ್ಯೆಯೆಂದು ಕರೆಯಲು ಅರ್ಹವಾದ ವಸ್ತು ಇದರಲ್ಲಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಇನ್ನು ಲೆಕ್ಕದ ತಿರುಳಿಗೆ ಬರೋಣ. ನಮ್ಮ ಕೈಯಲ್ಲಿ ಎರಡು ಆಟೀನು, ಮೇಜಿನ ಮೇಲಿನ ನಾಲ್ಕರಲ್ಲಿ ಎರಡು ಆಟೀನು. ಐದನೆಯ ಆಟೀನು ಬಂದರೆ ನಾವು ಗೆದ್ದಂತೆ, ಬಾರದಿದ್ದರೆ ಸೋತಂತೆ ಎಂದಿಟ್ಟುಕೊಳ್ಳಿ. ಕಾಣದ ಎಲೆ 46. ಅದರಲ್ಲಿ ನಮಗೆ ಬೇಕಾದವು 9. ನಡುವಿನ ರಾಶಿಯಲ್ಲಿ 62 ರೂಪಾಯಿ ಇದೆ, ಎದುರಾಳಿ 19 ಹಾಕುತ್ತಾನೆ, ರಾಶಿ 81 ಆಯಿತು. ನಾವು 19 ಕೊಟ್ಟು ಕೊನೆಯ ಎಲೆ ನೋಡಬೇಕೇ? ಇದೇ ಸಂದರ್ಭ 46 ಸಲ ಬಂದಿತೆನ್ನಿ. ಸರಾಸರಿ 37 ಸಲ 19ರಂತೆ 703 ರೂಪಾಯಿ ಕಳೆಯುತ್ತೇವೆ. 9 ಸಲ 81ರಂತೆ 729 ಗಳಿಸುತ್ತೇವೆ. 26 ರೂಪಾಯಿ ಲಾಭ. ಕೊಡಬೇಕು ಎಂಬುದು ಉತ್ತರ. ಎದುರಾಳಿ 19ರ ಬದಲು 40 ಹಾಕಿದ್ದರೆ ಎಲೆ ಕೆಳಗಿಡಬೇಕಾಗಿತ್ತು. ಪೋಕರ್ ಬಲ್ಲವನು ಅದೃಷ್ಟವನ್ನು ನಂಬುವುದಿಲ್ಲ. ಇಂಥ ಇಪ್ಪತ್ತಾರು ರೂಪಾಯಿಗಳನ್ನು ನಂಬುತ್ತಾನೆ.

ಆದರೆ ಈ ಲೆಕ್ಕ ನಾಲ್ಕು ಗೆಳೆಯರು ಜಗಲಿಯ ಮೇಲೆ ಕೂತು ಆಡುವಾಗಿನದು. ಮೇಜಿಗೊಬ್ಬ ಒಡೆಯನಿದ್ದರೆ ಅವನು ಪ್ರತಿ ರಾಶಿಯಿಂದಲೂ ತನ್ನ ಪಾಲು ತೆಗೆಯುತ್ತಾನೆ. ನೂರಕ್ಕೆ ಐದು ಎಂಬುದು ಜಗತ್ತಿನಲ್ಲೆಲ್ಲ ರೂಢಿಯಲ್ಲಿರುವ ಕಡಿತ. ನಾವು ಗೆದ್ದ ಆ 9 ಸಲವೂ ನೂರು ರೂಪಾಯಿಯ ರಾಶಿಯಿಂದ 5 ರೂಪಾಯಿ ಅವನಿಗೆ ಹೋಗುತ್ತದೆ, ಒಟ್ಟು 45. ಇಪ್ಪತ್ತಾರು ಲಾಭವಿದ್ದದ್ದು ಹತ್ತೊಂಬತ್ತು ನಷ್ಟವಾಯಿತು. ಎಲೆಗಳು ಅವೇ, ಬುದ್ಧಿ ಅದೇ, ತೀರ್ಮಾನ ಅದೇ. ಬದಲಾದದ್ದು ಅಳೆಯುವ ಕೊಳಗ ಮಾತ್ರ.

ಕೊಳಗ ಎಂಬ ಮಾತನ್ನು ನಾವು ಸುಮ್ಮನೆ ಬಳಸಿಲ್ಲ. 1951ರ ಏಪ್ರಿಲಿನಲ್ಲಿ ಇದೇ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಡೆಗೆ ನಿಂತದ್ದು ಮೊದಲಿಗೆ ಭೂಮಿಗಾಗಿ ಅಲ್ಲ, ಕೊಳಗಕ್ಕಾಗಿ. ಗೇಣಿಯ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ಸರಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಎಷ್ಟು ಚೆನ್ನಾಗಿ ಉತ್ತರೇನು, ಎಷ್ಟು ಹದವಾಗಿ ನಾಟಿ ಮಾಡಿದರೇನು, ಕಣದಲ್ಲಿ ಅಳೆಯುವಾಗ ರೈತನ ಜಾಣ್ಮೆ ಆ ಕೊಳಗದ ಹೊಟ್ಟೆಗೆ ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದು, ಶಾಂತವೇರಿ ಗೋಪಾಲಗೌಡರು ಚಳವಳಿಯ ಮುಂದಾಳಾದದ್ದು, ಜೂನಿನಲ್ಲಿ ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಮ್ಮ ಓದುಗರಿಗೆ ಹೊಸತಲ್ಲ. ಉತ್ತವನ ಕೌಶಲವನ್ನು ಅಂದು ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನೆ ಅಳತೆಯದಾಗಿತ್ತು. ಇಂದು ಪೋಕರ್ ಕೌಶಲದ ಆಟವೇ ಅದೃಷ್ಟದ ಆಟವೇ ಎಂದು ದಶಕಗಳಿಂದ ವಕೀಲರು ವಾದಿಸುತ್ತಿರುವಾಗ ಕೊಳಗವನ್ನು ಮಾತ್ರ ಯಾರೂ ಎತ್ತಿ ನೋಡುತ್ತಿಲ್ಲ.

ಒಂದು ಮೇಜಿನ ಲೆಕ್ಕ ಹಾಕೋಣ. ಆರು ಜನ ತಲೆಗೆ 500 ಇಟ್ಟು ಕೂತಿದ್ದಾರೆ. ಮೇಜಿನ ಮೇಲೆ ಒಟ್ಟು 3,000 ರೂಪಾಯಿ. ಸರಾಸರಿ ರಾಶಿ ನೂರು ರೂಪಾಯಿ, ಕಡಿತ ಐದು. ಕೈಯಲ್ಲಿ ಎಲೆ ಹಂಚಿ ಆಡಿದರೆ ಗಂಟೆಗೆ ಸುಮಾರು 25 ಕೈ. ಗಂಟೆಗೆ 125 ರೂಪಾಯಿ ಒಡೆಯನಿಗೆ. ಆರು ಗಂಟೆ ಆಡಿದರೆ 750. ಮೇಜಿನ ಹಣದಲ್ಲಿ ಕಾಲುಭಾಗ ಎದ್ದುಹೋಯಿತು. ಫೋನಿನ ತೆರೆಯಲ್ಲಿ ಆಟ ಇನ್ನೂ ಚುರುಕು; ಗಂಟೆಗೆ 60 ಕೈ ಎಂದಿಟ್ಟರೂ 300 ರೂಪಾಯಿ, ಹತ್ತು ಗಂಟೆಗೆ ಮೂರು ಸಾವಿರವೂ ಸ್ವಾಹಾ. ಆ ಹತ್ತು ಗಂಟೆಯಲ್ಲಿ ಆರು ಜನರಲ್ಲಿ ಯಾರು ಜಾಣ, ಯಾರು ದಡ್ಡ ಎಂಬುದು ಒಡೆಯನಿಗೆ ಬೇಡವಾದ ವಿಷಯ. ಅವನು ಒಂದು ಎಲೆಯನ್ನೂ ಕೈಯಲ್ಲಿ ಹಿಡಿದಿಲ್ಲ.

ಇದರಲ್ಲಿ ಇನ್ನೊಂದು ವಿಶೇಷವಿದೆ. ದೊಡ್ಡ ಪಣದ ಮೇಜುಗಳಲ್ಲಿ ಕಡಿತಕ್ಕೆ ಸಾಮಾನ್ಯವಾಗಿ ಒಂದು ಮಿತಿ ಇಟ್ಟಿರುತ್ತಾರೆ. ಸಾವಿರಾರು ರೂಪಾಯಿಯ ರಾಶಿಯಿಂದ ಇಷ್ಟಕ್ಕಿಂತ ಹೆಚ್ಚು ತೆಗೆಯುವುದಿಲ್ಲವೆಂದು. ಸಣ್ಣ ಮೇಜಿನ ರಾಶಿ ಆ ಮಿತಿಯನ್ನು ಮುಟ್ಟುವುದೇ ಇಲ್ಲ. ಶ್ರೀಮಂತನ ಆಟಕ್ಕೆ ನೂರಕ್ಕೆ ಒಂದೋ ಅರೆಯೋ ಕಡಿತವಾದರೆ, ಅಂಗಡಿ ಹುಡುಗನ ಆಟಕ್ಕೆ ಪೂರಾ ಐದು. ಉಪ್ಪಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಹಾಕುವ ತೆರಿಗೆಯ ನ್ಯಾಯವೇ ಇದು. ಸಣ್ಣ ಪಣ ಸುರಕ್ಷಿತವೆಂದು ನಂಬಿ ಕೂತವನೇ ಎಲ್ಲರಿಗಿಂತ ದುಬಾರಿ ಗೇಣಿ ಕೊಡುವವನು.

ಗಟ್ಟಿ ಆಟದ ಇನ್ನೊಂದು ನಿಯಮವನ್ನು ನಮ್ಮ ತರುಣರು ಓದಿರಲೇಬೇಕು: ಕೂರುವ ಮೊತ್ತದ ಇಪ್ಪತ್ತು ಮೂವತ್ತು ಪಟ್ಟಾದರೂ ಬೇರೆಯಾಗಿ ತೆಗೆದಿಟ್ಟುಕೊಂಡಿರಬೇಕು, ಏಕೆಂದರೆ ಬಲ್ಲವನೂ ವಾರಗಟ್ಟಲೆ ಸೋಲಬಹುದು. ಐನೂರರ ಮೇಜಿಗೆ ಇದು ಹತ್ತರಿಂದ ಹದಿನೈದು ಸಾವಿರ. ದುರ್ಗಿಗುಡಿಯ ಎಷ್ಟೋ ಹುಡುಗರಿಗೆ ಅದು ಪೂರ್ತಿ ತಿಂಗಳ ಸಂಬಳ. ಮನೆ ಬಾಡಿಗೆ, ಅಮ್ಮನ ಔಷಧಿ, ತಂಗಿಯ ಕಾಲೇಜು ಶುಲ್ಕ ಎಲ್ಲ ಸೇರಿದ ಸಂಬಳ. ಕಳೆದರೂ ಚಿಂತೆಯಿಲ್ಲದ ಹಣದಲ್ಲಿ ಮಾತ್ರ ಆಡಬೇಕೆಂಬುದು ಶಾಸ್ತ್ರ. ಅಂಥ ಹಣವಿದ್ದವನು ಸಂಜೆ ಬಂದು ನಮ್ಮನ್ನು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಅಂದಹಾಗೆ, ನೂರಕ್ಕೆ ಐದು ಎಂಬ ಕಡಿತ ಇಂದು ನಿನ್ನೆಯದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಜೂಜು ಒಂದೇ ಕಡೆ ನಡೆಯುವಂತೆ ನೋಡಿಕೊಳ್ಳುವುದು, ಸಾಚಾ ದಾಳಗಳನ್ನು ಒದಗಿಸುವುದು, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳುವುದು ಅವನ ಕೆಲಸ. ದಾಳದ ಬಾಡಿಗೆ, ನೀರು, ಜಾಗದ ಶುಲ್ಕ ಬೇರೆ. ಚಾಣಕ್ಯನಿಗೆ ಯಾರ ಭ್ರಮೆಯೂ ಇರಲಿಲ್ಲ. ಆಟದಲ್ಲಿ ನಿಶ್ಚಿತವಾದ ಗಳಿಕೆ ಯಾರದೆಂಬುದು ಅವನಿಗೆ ಗೊತ್ತಿತ್ತು, ಅದನ್ನು ಬೊಕ್ಕಸಕ್ಕೆ ಎಳೆದುಕೊಂಡ. ಎರಡು ಸಾವಿರ ವರ್ಷದ ಮೇಲೆ ನಮ್ಮ ಸರಕಾರಗಳೂ ಅದನ್ನೇ ಮಾಡಿದವು: 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದಾಟಕ್ಕೆ ಹಾಕುವ ಪೂರ್ಣ ಮೊತ್ತದ ಮೇಲೆ ನೂರಕ್ಕೆ 28ರಂತೆ ಜಿ.ಎಸ್.ಟಿ. ಬಿತ್ತು. ತೆರಿಗೆ ಸೇರಿ ನೂರು ರೂಪಾಯಿ ಹಾಕಿದವನ ಹಣದಲ್ಲಿ ಸುಮಾರು 22 ರೂಪಾಯಿ, ಒಂದು ಎಲೆ ಹಂಚುವ ಮೊದಲೇ, ಸರಕಾರದ್ದಾಯಿತು. ಒಡೆಯನ ಕೊಳಗದ ಮೇಲೆ ಸರಕಾರದ ಕೊಳಗ.

ಈಗ ಕೋರ್ಟುಗಳ ಮಾತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದ ಮೊಕದ್ದಮೆಯಲ್ಲಿ 1967ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು; ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂಬ ವಿವೇಕ ಬೇಕು ಎಂಬ ಕಾರಣಕ್ಕೆ. ಮೂರೆಲೆಯಂಥವು ಬರೀ ಅದೃಷ್ಟದಾಟಗಳೆಂದೂ ಹೇಳಿತು. ಅಂದಿನಿಂದ ಇಂದಿನವರೆಗೆ ದೇಶದ ಇಸ್ಪೀಟು ವ್ಯಾಪಾರಿಗಳೆಲ್ಲ ಈ ತೀರ್ಪಿನ ಮೊದಲರ್ಧವನ್ನು ಹಣೆಗೆ ವಿಭೂತಿಯಂತೆ ಬಳಿದುಕೊಂಡಿದ್ದಾರೆ. ಉಳಿದರ್ಧವನ್ನು ಯಾರೂ ಓದಿ ಹೇಳುವುದಿಲ್ಲ. ಕ್ಲಬ್ಬಿನ ಸೌಕರ್ಯಕ್ಕೆಂದು ತೆಗೆದುಕೊಳ್ಳುವ ಸಾಧಾರಣ ಶುಲ್ಕವನ್ನು ಲಾಭವೆನ್ನಲಾಗದು. ಆದರೆ ಪಣವಿಟ್ಟು ಆಡುವ ರಮ್ಮಿಯಿಂದಾಗಲಿ ಬೇರೆ ಆಟದಿಂದಾಗಲಿ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದಾನೆಂದು ಕಂಡುಬಂದರೆ ಅಪರಾಧ ಸಾಬೀತಾಗಬಹುದು ಎಂಬರ್ಥದ ಮಾತು ಅದೇ ತೀರ್ಪಿನಲ್ಲಿದೆ. ನಾವು ಕೊಳಗವೆನ್ನುತ್ತಿರುವುದನ್ನು ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಅಂದೇ ಕೈಯಲ್ಲಿ ಹಿಡಿದು ನೋಡಿತ್ತು.

ಆಮೇಲಿನ ಕಥೆ ಹಗ್ಗಜಗ್ಗಾಟದ್ದು. ಪೋಕರ್ ಕೌಶಲದ ಆಟವಾಗಿ ನಡೆಯುವುದಾದರೆ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿದರೆ, ಅದು ಜೂಜೇ ಎಂದು 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ಹೇಳಿತು. ಒಂದೇ ಕಟ್ಟು ಇಸ್ಪೀಟು ಬೆಳಗಾವಿಯಲ್ಲಿ ವಿದ್ಯೆ, ಸೂರತ್ತಿನಲ್ಲಿ ಪಾಪ! 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟವನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಅದರ ಮುಖ್ಯ ಕಲಮುಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಎರಡೇ ದಿನದಲ್ಲಿ ಎರಡೂ ಸದನಗಳಲ್ಲಿ ಒಂದು ಮಸೂದೆ ಪಾಸು ಮಾಡಿಸಿ, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ತೆಗೆದು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ದೇಶದ ದೊಡ್ಡ ಕಂಪನಿಗಳು ಕೂಡಲೇ ಹಣದಾಟ ನಿಲ್ಲಿಸಿದವು. ಒಂದು ಕಂಪನಿ ಬೆಂಗಳೂರಿನಲ್ಲಿ ದಾವೆ ಹೂಡಿತು. ಸೆಪ್ಟೆಂಬರಿನಲ್ಲಿ ಬೇರೆಬೇರೆ ರಾಜ್ಯಗಳ ಇಂಥ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯ ತನ್ನ ಬಳಿಗೇ ತರಿಸಿಕೊಂಡಿತು. ಜೂಜು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ರಾಜ್ಯಗಳನ್ನು ಕೇಳದೆ, ಸದನದಲ್ಲಿ ನೆಟ್ಟಗೆ ಚರ್ಚೆಯಿಲ್ಲದೆ ಕಾನೂನು ಮಾಡುವ ಈ ಚಾಳಿಯನ್ನು ನಾವು ಒಪ್ಪುವುದಿಲ್ಲ.

ಆದರೆ ಆ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಅದು ಆಡಿದವನನ್ನು ಶಿಕ್ಷಿಸುವುದಿಲ್ಲ. ಆಡಿಸಿದವನನ್ನು, ಜಾಹೀರಾತು ಕೊಟ್ಟವನನ್ನು, ಹಣ ಸಾಗಿಸಿದವನನ್ನು ಹಿಡಿಯುತ್ತದೆ. ಇದನ್ನು ನಮ್ಮದೇ ರಾಜ್ಯದ 1963ರ ಪೊಲೀಸ್ ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಅದರ 87ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಜೂಜಾಡಿದವನನ್ನು ಶಿಕ್ಷಿಸಬಹುದು. ತೋಟದಂಚಿನಲ್ಲಿ, ಕೆರೆ ಏರಿಯ ಮೇಲೆ, ಹಾಳುಬಿದ್ದ ಶೆಡ್ಡಿನ ಹಿಂದೆ ಟವೆಲು ಹಾಸಿ ಅಂದರ್-ಬಾಹರ್ ಆಡುತ್ತಿದ್ದ ಕೂಲಿಗಳನ್ನು ಹಿಡಿದು, ಇಸ್ಪೀಟು ಎಲೆ, ಇಷ್ಟು ರೂಪಾಯಿ ನಗದು ವಶ ಎಂಬ ಸುದ್ದಿ ನಮ್ಮ ಜಿಲ್ಲೆಯ ದಿನಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಲ್ಲಿ ಒಡೆಯನಿಲ್ಲ, ಕಡಿತವಿಲ್ಲ. ಒಬ್ಬ ಕೂಲಿಯ ಹಣ ಇನ್ನೊಬ್ಬ ಕೂಲಿಯ ಜೇಬಿಗೆ ಹೋಗುತ್ತದೆ, ನಾಳೆ ತಿರುಗಿ ಬರುತ್ತದೆ. ಆದರೂ ಅಪರಾಧ. ಗೋಡೆ, ಫ್ಯಾನು, ಕಾಫಿ, ಸದಸ್ಯತ್ವದ ರಸೀದಿ ಇದ್ದುಬಿಟ್ಟರೆ ಅದೇ ಇಸ್ಪೀಟು ಮನರಂಜನೆಯಾಗುತ್ತದೆ. ಕೈಯಲ್ಲಿ ಹಣ ಹೆಚ್ಚಿದ್ದವನಿಗೆ ಪಣಜಿಯ ಮಾಂಡೋವಿ ಹೊಳೆಯ ಮೇಲೆ ದೀಪ ಹಚ್ಚಿಕೊಂಡು ನಿಂತ ಹಡಗುಗಳೇ ಇವೆ. ಅಲ್ಲಿ ಸರಕಾರವೇ ಪರವಾನಗಿ ಕೊಟ್ಟಿದೆ. ಫೋನಿನಲ್ಲಿ ಆಡಿದವನು ಕೇಂದ್ರದ ಕಣ್ಣಿನಲ್ಲಿ ಮೋಸಹೋದವನು. ಟವೆಲಿನ ಮೇಲೆ ಆಡಿದವನು ರಾಜ್ಯದ ಕಣ್ಣಿನಲ್ಲಿ ಕೇಡಿ. ಈ ವ್ಯತ್ಯಾಸಕ್ಕೆ ಆಟದ ಸ್ವರೂಪ ಕಾರಣವಲ್ಲ, ಕೂತ ಜಾಗ ಕಾರಣ.

ಮತ್ತೆ ನಮ್ಮ ತರುಣರ ಕಡೆಗೆ. ಕಡಿತವಿಲ್ಲದ ಮೇಜೇ ಸಿಕ್ಕಿತೆಂದುಕೊಳ್ಳೋಣ. ಆಗ ಗಟ್ಟಿ ಆಟಗಾರ ಗೆಲ್ಲುತ್ತಾನೆಯೇ? ದೀರ್ಘಕಾಲದಲ್ಲಿ ಗೆಲ್ಲಬಹುದು. ಆದರೆ ಹಣ ಬಾನಿನಿಂದ ಉದುರುವುದಿಲ್ಲ. ಉಳುಮೆಯಲ್ಲಿ ಒಂದು ಕಾಳು ನೂರಾಗುತ್ತದೆ, ಕುಲುಮೆಯಲ್ಲಿ ಅದಿರು ಉಕ್ಕಾಗುತ್ತದೆ. ಇಸ್ಪೀಟಿನ ಮೇಜಿನಲ್ಲಿ 3,000 ಮೂರು ಸಾವಿರವಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಪೋಕರ್ ಶಾಸ್ತ್ರಗಳೆಲ್ಲ ಒಂದು ಮಾತನ್ನು ಒತ್ತಿ ಹೇಳುತ್ತವೆ: ನಿನಗಿಂತ ದುರ್ಬಲರಿರುವ ಮೇಜನ್ನು ಆರಿಸಿಕೋ. ಲೆಕ್ಕ ಬಾರದವನನ್ನು, ದಣಿದವನನ್ನು, ಕುಡಿದವನನ್ನು, ಕಳೆದದ್ದನ್ನು ಇವತ್ತೇ ಹಿಂದಕ್ಕೆ ತರುತ್ತೇನೆಂದು ಹಟ ಹಿಡಿದವನನ್ನು ಗುರುತಿಸು, ಅವನ ಎಡಗಡೆ ಕೂರು. ಒಳ್ಳೆಯದು, ದುರ್ಗಿಗುಡಿಯಲ್ಲಿ ಐನೂರು ರೂಪಾಯಿಯ ಮೇಜಿಗೆ ಬರುವ ಆ ದುರ್ಬಲ ಯಾರು? ಅಡಿಕೆ ಮಂಡಿಯ ಸಾಹುಕಾರನಂತೂ ಅಲ್ಲ. ಪಕ್ಕದ ಅಂಗಡಿಯಲ್ಲಿ ಇದೇ ಸಂಬಳಕ್ಕೆ ನಿಂತವನು. ಸಂಬಳ ಹೆಚ್ಚಿಸಿ ಎಂದು ಕೇಳಲು ಇಬ್ಬರೂ ಸೇರಿ ಮಾಲೀಕನ ಮುಂದೆ ನಿಲ್ಲಬೇಕಾದ ದಿನ, ಅವನ ಆಯಾಸವನ್ನು ಓದಿ ಅವನ ಬಾಡಿಗೆ ಹಣ ಗೆದ್ದ ಸ್ನೇಹಿತನ ಪಕ್ಕದಲ್ಲಿ ಅವನು ನಿಲ್ಲುತ್ತಾನೆಯೇ?

ಫೋನಿನಲ್ಲಾದರೆ ಎದುರಿಗಿರುವವನ ಮುಖವೂ ಕಾಣುವುದಿಲ್ಲ. ಎದುರಿಗಿರುವುದು ಮನುಷ್ಯನೇ ಎಂಬ ಖಾತ್ರಿಯೂ ಇಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ಮಾಡಿದ ಲಿಬ್ರಾಟಸ್ ಎಂಬ ಗಣಕ, ಜಗತ್ತಿನ ನಾಲ್ವರು ಪಳಗಿದ ಪೋಕರ್ ಆಟಗಾರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. 2019ರಲ್ಲಿ ಪ್ಲೂರಿಬಸ್ ಎಂಬ ಅದರ ತಮ್ಮ ಆರು ಜನರ ಮೇಜಿನಲ್ಲೂ ಗೆದ್ದಿತು. ನಾಲ್ಕು ವಾರ ಕಲಿತ ಹುಡುಗ ಇದರ ಮುಂದೆ ಏನು? ನಮ್ಮ ದೇಶದ ಕಂಪನಿಗಳು ಬಾಗಿಲು ಹಾಕಿದ ಮೇಲೂ ಹೊರದೇಶದಿಂದ ನಡೆಯುವ ಜಾಲತಾಣಗಳು ಕೈಬೀಸಿ ಕರೆಯುತ್ತವೆ. ಅಲ್ಲಿ ಕಳೆದುಕೊಂಡವನು ಯಾವ ಠಾಣೆಗೆ ಹೋಗಿ ಯಾರ ಮೇಲೆ ದೂರು ಕೊಡಬೇಕು? 2003ರಲ್ಲಿ ಅಮೆರಿಕದ ಒಬ್ಬ ಲೆಕ್ಕಿಗ ಸಣ್ಣ ಮೊತ್ತದ ಆನ್‌ಲೈನ್ ಸ್ಪರ್ಧೆಯಿಂದ ಮೇಲೆ ಬಂದು ಪೋಕರಿನ ವಿಶ್ವಪಂದ್ಯದಲ್ಲಿ 25 ಲಕ್ಷ ಡಾಲರು ಗೆದ್ದ. ಅವನ ಹೆಸರೇ ಮನಿಮೇಕರ್. ಆ ಹೆಸರನ್ನು ಎಲ್ಲರೂ ಬಲ್ಲರು. ಅದೇ ಸ್ಪರ್ಧೆಯಲ್ಲಿ ಅದೇ ಮೊತ್ತ ಕಟ್ಟಿ ಸೋತವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಹಾಗಾದರೆ ಈ ಹುಡುಗರು ಆಟದ ಶಾಸ್ತ್ರಕ್ಕೆ ಏಕೆ ಕೈಹಾಕಿದರು? ಬಲ್ಲವನಿಗೆ ಬೆಲೆ ಸಿಗುವ ಜಾಗ ಅವರಿಗೆ ಬೇರೆಲ್ಲೂ ಕಾಣಲಿಲ್ಲ. 1918ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕೈಕಸುಬು ಕಲಿತವನಿಗೆ ಕೆಲಸವಿತ್ತು, ಕ್ವಾರ್ಟರ್ಸಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕೂತರು. ಆ ಮನೆಗಳ ಮಕ್ಕಳು ಇಂದು ನೆಹರೂ ರಸ್ತೆಯಲ್ಲೂ ದುರ್ಗಿಗುಡಿಯಲ್ಲೂ ಗಿರಾಕಿಗಳ ಮುಂದೆ ನಿಂತಿದ್ದಾರೆ. ನಲವತ್ತಾರರಲ್ಲಿ ಒಂಬತ್ತು ಎಷ್ಟೆಂದು ಕ್ಷಣದಲ್ಲಿ ಹೇಳುವ ಹುಡುಗನಿಗೆ ಊರು ಕೊಟ್ಟಿರುವ ಕೆಲಸ ಸೀರೆ ಮಡಿಸುವುದು. ಆ ಲೆಕ್ಕಕ್ಕೆ ಮರ್ಯಾದೆ ಕೊಟ್ಟದ್ದು ಪೋಕರ್ ಒಂದೇ ಎಂದು ಅವನಿಗನ್ನಿಸಿದರೆ ಆ ನಾಚಿಕೆ ಅವನದಲ್ಲ.

ಲೆಕ್ಕ ಬಡವನ ಆಯುಧವಾಗಬಲ್ಲುದೆಂಬುದನ್ನು ನಾವು ನೋಡಿದ್ದೇವೆ. 1963ರಲ್ಲಿ ಲೋಹಿಯಾ ಲೋಕಸಭೆಗೆ ಹೋದೊಡನೆ ಮಾಡಿದ್ದು ಒಂದು ಗುಣಾಕಾರ ಭಾಗಾಕಾರ: ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂಬುದು. ಸರಕಾರ ಹದಿನೈದಾಣೆ ಎಂದಿತು. ಆ ಹನ್ನೆರಡಾಣೆಯ ಅಂತರದ ಮೇಲೆ ಇಡೀ ಸದನ ಅಲ್ಲಾಡಿತು. ನಮ್ಮ ದುರ್ಗಿಗುಡಿಯ ಗೆಳೆಯರು ಅದೇ ಪೆನ್ಸಿಲು ಹಿಡಿದು ತಮ್ಮ ಸಂಬಳವನ್ನು ತಾವು ನಿಂತ ಗಂಟೆಗಳಿಂದ ಭಾಗಿಸಿ ನೋಡಲಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬರೆದಿಟ್ಟದ್ದು ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು, ವಾರಕ್ಕೊಂದು ದಿನ ರಜ. ದಿನಕ್ಕೆ ಹನ್ನೊಂದು ಗಂಟೆ ನಿಂತವನಿಂದ ಎರಡು ಗಂಟೆ ಕಡಿತವಾಯಿತು. ಹನ್ನೊಂದರಲ್ಲಿ ಎರಡೆಂದರೆ ನೂರಕ್ಕೆ ಹದಿನೆಂಟು. ಪೋಕರ್ ಮೇಜಿನ ಒಡೆಯ ತೆಗೆಯುವುದು ಐದೇ.

ಆದುದರಿಂದ ನಮ್ಮ ಬೇಡಿಕೆಗಳು ಎರಡು ಕಡೆಗೆ ಹೋಗುತ್ತವೆ. ರಾಜ್ಯ ಸರಕಾರ ಪೊಲೀಸ್ ಕಾಯ್ದೆಯ 87ನೆಯ ಕಲಮಿನಿಂದ, ಒಡೆಯನಿಲ್ಲದೆ ತಮ್ಮತಮ್ಮೊಳಗೆ ಸಣ್ಣ ಪಣಕ್ಕೆ ಆಡುವವರನ್ನು ಕೈಬಿಡಬೇಕು. ಆಟ ಯಾವುದೇ ಇರಲಿ, ರಾಶಿಯಿಂದ ಪಾಲು ತೆಗೆಯುವವನನ್ನು ಹಿಡಿಯಬೇಕು. ಜಿಲ್ಲೆಯ ಯಾವುದೇ ಕ್ಲಬ್ಬು ಇಸ್ಪೀಟಿನ ಮೇಜಿನಿಂದ ವರ್ಷಕ್ಕೆ ಎಷ್ಟು ಎತ್ತಿತು, ಅದು ಯಾವ ಬಾಬ್ತಿಗೆ ಹೋಯಿತು ಎಂಬ ಲೆಕ್ಕವನ್ನು ಬಾಗಿಲಲ್ಲಿ ತೂಗುಹಾಕುವಂತೆ ಜಿಲ್ಲಾಡಳಿತ ಆಜ್ಞೆ ಮಾಡಲಿ. ಕಾರ್ಮಿಕ ಇಲಾಖೆಯವರು ಕಚೇರಿಯ ಕಡತ ಬಿಟ್ಟು, ರಾತ್ರಿ ಒಂಬತ್ತು ಗಂಟೆಯ ಮೇಲೆ ಗೋಪಿ ವೃತ್ತದಿಂದ ದುರ್ಗಿಗುಡಿಯವರೆಗೆ ಒಮ್ಮೆ ನಡೆದು ಬರಲಿ. ಯಾವ ಯಾವ ಅಂಗಡಿಯಲ್ಲಿ ಯಾರು ಎಷ್ಟು ಹೊತ್ತಿನಿಂದ ನಿಂತಿದ್ದಾರೆ, ವಾರದ ರಜೆಯ ಹಾಜರಿ ಪುಸ್ತಕದಲ್ಲಿ ಯಾರ ಸಹಿಯನ್ನು ಯಾರು ಹಾಕಿದ್ದಾರೆ ಎಂದು ಬರೆದುಕೊಳ್ಳಲಿ. ಆ ಪಟ್ಟಿಯನ್ನು ಅವರು ಪ್ರಕಟಿಸದಿದ್ದರೆ, ಅಂಗಡಿ ನೌಕರರೇ ತಯಾರಿಸಿ ತಂದುಕೊಟ್ಟರೆ, ಈ ಪುಟದಲ್ಲಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ.